ಗುಮಾಸ್ತರು ನಿವೃತ್ತರಾದರು, ಹಳೆಯ ಫೈಲುಗಳು ತೆರೆಯುತ್ತಿಲ್ಲ: ಏನು ಮಾಡೋಣ?

ಪ್ರಶ್ನೆ: ನಮ್ಮದು ಘಟ್ಟದ ಮೇಲಿನ ಒಂದು ತಾಲ್ಲೂಕಿನ ವಿದ್ಯಾವರ್ಧಕ ಸಂಘ. ಒಂದು ಪ್ರೌಢಶಾಲೆ, ಒಂದು ಪಿಯು ಕಾಲೇಜು ನಡೆಸುತ್ತಿದ್ದೇವೆ. 2003ರಿಂದ ಪತ್ರ ವ್ಯವಹಾರ, ಸಭೆಯ ನಡಾವಳಿ, ಸಂಬಳದ ಪಟ್ಟಿ ಎಲ್ಲ ಕಂಪ್ಯೂಟರಿನಲ್ಲೇ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ ಗುಮಾಸ್ತರು ಮೊನ್ನೆ ನಿವೃತ್ತರಾದರು. ಹೊಸ ಕಂಪ್ಯೂಟರಿಗೆ ಹಾಕಿದರೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಮಾಡಿದ ಹಳೆಯ ಫೈಲುಗಳು ಏನೇನೋ ಅಕ್ಷರ ತೋರಿಸುತ್ತವೆ. ನಲವತ್ತು ಸಿ.ಡಿ.ಗಳಿವೆ, ಕೆಲವು ಓದುತ್ತಿಲ್ಲ. ಎರಡು ಎಕ್ಸ್‌ಟರ್ನಲ್ ಡಿಸ್ಕುಗಳಲ್ಲಿ ಒಂದು ಟಕ್ ಟಕ್ ಎನ್ನುತ್ತದೆ. ಈಚಿನ ನಾಲ್ಕೈದು ವರ್ಷದ್ದು ಗುಮಾಸ್ತರ ಸ್ವಂತ ಜಿಮೇಲಿನ ಡ್ರೈವ್‌ನಲ್ಲಿದೆ. 1968ರಿಂದ ಇರುವ ಮೂವತ್ತು ದಾಖಲಾತಿ ರಿಜಿಸ್ಟರುಗಳನ್ನು (ಒಂದೊಂದೂ ಸುಮಾರು 200 ಪುಟ) ಪುಟಕ್ಕೆ 3 ರೂಪಾಯಿಯಂತೆ ಸ್ಕ್ಯಾನ್ ಮಾಡಿಕೊಡುತ್ತೇವೆ ಎಂದು ಒಬ್ಬರು ಬಂದಿದ್ದಾರೆ. ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಡ್ರೈವ್‌ಗೆ ಏರಿಸಿ, ಕಾಗದ ವಿಲೇವಾರಿ ಮಾಡೋಣ ಎಂದು ಆಡಳಿತ ಮಂಡಳಿಯಲ್ಲಿ ಮಾತು ನಡೆದಿದೆ. 50,000 ರೂಪಾಯಿ ತೆಗೆದಿರಿಸಿದ್ದೇವೆ. ಎಲ್ಲಿಂದ ಶುರು ಮಾಡಬೇಕು?
(ಕಾರ್ಯದರ್ಶಿಗಳು, ಹೆಸರು ಬೇಡ ಎಂದಿದ್ದಾರೆ)

ಉತ್ತರ: ಸ್ಕ್ಯಾನಿಂಗ್‌ನಿಂದ ಮಾತ್ರ ಶುರು ಮಾಡಬೇಡಿ. 1968ರ ರಿಜಿಸ್ಟರು ಇಷ್ಟು ಮಳೆಗಾಲ ಕಂಡೂ ಕಪಾಟಿನಲ್ಲಿ ಉಳಿದಿದೆ. ಗೆದ್ದಲು, ಸೋರಿಕೆ ತಟ್ಟದಂತೆ ನೋಡಿಕೊಂಡರೆ ಇನ್ನೊಂದೆರಡು ವರ್ಷ ಧಾರಾಳವಾಗಿ ಕಾಯುತ್ತದೆ. ಟಕ್ ಟಕ್ ಎನ್ನುವ ಡಿಸ್ಕು, ಓದದ ಸಿ.ಡಿ., ಬೇರೆಯವರ ಹೆಸರಿನ ಜಿಮೇಲು, ಇವು ಕಾಯುವುದಿಲ್ಲ. ಯಾವುದು ಮೊದಲು ಕೈ ಕೊಡುತ್ತದೋ ಅದನ್ನು ಮೊದಲು ಎತ್ತಿಕೊಳ್ಳಬೇಕು.

ನೀವು ಬರೆದಿರುವ ತೊಂದರೆಗಳೆಲ್ಲ ಕಂಪ್ಯೂಟರಿನವು ಎಂದು ಕಾಣುತ್ತವೆ. ಬುಡದಲ್ಲಿರುವುದು ಬೇರೆ: ಯಾವುದು ಎಲ್ಲಿದೆ, ಯಾವುದರಲ್ಲಿ ಮಾಡಿದ್ದು, ಪಾಸ್‌ವರ್ಡ್ ಏನು ಎಂಬುದೆಲ್ಲ ಒಬ್ಬರ ತಲೆಯಲ್ಲಿತ್ತು. ಆದ್ದರಿಂದ ಮೊದಲು ಅವರನ್ನೇ ಎರಡು ದಿನದ ಮಟ್ಟಿಗೆ, ಗೌರವಧನ ಕೊಟ್ಟು, ಕರೆಸಿಕೊಳ್ಳಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಪಕ್ಕದಲ್ಲಿ ಒಬ್ಬರು ಕೂರಲಿ. ಪ್ರತಿ ಸಿ.ಡಿ.ಯಲ್ಲಿ ಏನಿದೆ, ಯಾವ ವರ್ಷಕ್ಕೆ ಯಾವ ಕನ್ನಡ ತಂತ್ರಾಂಶ ಬಳಸುತ್ತಿದ್ದರು, ಸಂಬಳದ ಪಟ್ಟಿಯ ಎಕ್ಸೆಲ್‌ಗೆ ಪಾಸ್‌ವರ್ಡ್ ಹಾಕಿದ್ದರೆ, ಲೆಕ್ಕಪತ್ರ ಟ್ಯಾಲಿ ತಂತ್ರಾಂಶದಲ್ಲಿದ್ದರೆ ಅದಕ್ಕೆ ಬೀಗ ಹಾಕುವ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಯಾವುದು, ಎಲ್ಲ ಬರೆದುಕೊಳ್ಳಿ. ಟ್ಯಾಲಿವಾಲ್ಟ್ ಪಾಸ್‌ವರ್ಡ್ ಕಳೆದರೆ ಕಂಪನಿಯವರೂ ತೆರೆದುಕೊಡಲಾರರು. ಶಾಲೆಯ ಸರ್ಕಾರಿ ಪೋರ್ಟಲ್‌ಗಳ ಓಟಿಪಿ ಯಾರ ಮೊಬೈಲಿಗೆ ಬರುತ್ತದೆ ಎಂದೂ ಕೇಳಿ. ಬಹಳ ಕಡೆ ಅದು ನಿವೃತ್ತರಾದವರ ಸ್ವಂತ ನಂಬರೇ ಆಗಿರುತ್ತದೆ.

ಜಿಮೇಲಿನಲ್ಲಿ ಇರುವುದು ನಿಮ್ಮದಲ್ಲ

ಸ್ವಂತ ಹೆಸರಿನ ಖಾತೆಯಲ್ಲಿರುವುದು ಗೂಗಲ್ ಲೆಕ್ಕದಲ್ಲಿ ಆ ವ್ಯಕ್ತಿಯ ಸ್ವತ್ತು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಅಷ್ಟು ದೂರವೂ ಹೋಗಬೇಕಿಲ್ಲ. ಮೊಬೈಲಿನಲ್ಲಿ ಜಾಗ ತುಂಬಿತು ಎಂದು ಅವರ ಮಗ ಒಂದು ಫೋಲ್ಡರ್ ಅಳಿಸಿದರೆ 30 ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಮಾಯವಾಗುತ್ತದೆ.

ವೈಯಕ್ತಿಕ ಖಾತೆಯ ಫೈಲಿನ ಒಡೆತನವನ್ನು ಸಂಸ್ಥೆಯ ಖಾತೆಗೆ ನೇರವಾಗಿ ವರ್ಗಾಯಿಸಲು ಆಗುವುದಿಲ್ಲ. ಆದ್ದರಿಂದ ಅವರು ಬಂದಾಗಲೇ, ಅವರ ಕೈಯಿಂದಲೇ, ಖಾತೆಯಲ್ಲಿರುವುದನ್ನೆಲ್ಲ ಕಟ್ಟಿ ಕೊಡುವ ಗೂಗಲ್ ಟೇಕ್‌ಔಟ್‌ನಲ್ಲಿ ಡ್ರೈವ್ ಆಯ್ಕೆ ಮಾಡಿ ಎಲ್ಲವನ್ನೂ ಇಳಿಸಿಕೊಳ್ಳಿ. ಇಳಿಸುವ ಕೊಂಡಿ ಕೆಲವೇ ದಿನ ಇರುತ್ತದೆ, ಬಂದ ದಿನವೇ ಇಳಿಸಿ. ಇಲ್ಲಿ ಒಂದು ಮೋಸವಿದೆ. ಡ್ರೈವ್‌ನಲ್ಲೇ ಹುಟ್ಟಿದ ಗೂಗಲ್ ಡಾಕ್ಸ್, ಶೀಟ್ಸ್ ನಿಜವಾದ ಫೈಲುಗಳಲ್ಲ. ಕಂಪ್ಯೂಟರಿನಲ್ಲಿ ಕಾಣುವ ಡ್ರೈವ್ ಫೋಲ್ಡರನ್ನು ಹಾಗೇ ಎಳೆದು ಡಿಸ್ಕಿಗೆ ಹಾಕಿದರೆ ಅಲ್ಲಿ ಬಂದು ಕೂರುವುದು ಒಂದು ಕೆ.ಬಿ. ಆಸುಪಾಸಿನ ಬರೀ ವಿಳಾಸದ ಚೀಟಿ. ನೋಡಿದರೆ ಹೆಸರುಗಳೆಲ್ಲ ಸರಿಯಾಗಿರುತ್ತವೆ, ಒಳಗೆ ಒಂದು ಸಾಲೂ ಇರುವುದಿಲ್ಲ. ಟೇಕ್‌ಔಟ್ ಆದರೆ ಅವನ್ನು ವರ್ಡ್, ಎಕ್ಸೆಲ್ ಆಗಿ ಬದಲಾಯಿಸಿ ಕೊಡುತ್ತದೆ. ಬೇರೆ ಶಿಕ್ಷಕರು ಹಂಚಿಕೊಂಡಿದ್ದ ಫೈಲುಗಳನ್ನು ಮಾತ್ರ ಅವರವರ ಖಾತೆಯಿಂದಲೇ ತರಬೇಕು.

ಮುಂದಕ್ಕೆ ಶಾಲೆಯ ಹೆಸರಿನಲ್ಲೇ ಖಾತೆ ಇರಲಿ. ಮಾನ್ಯತೆ ಪಡೆದ ಶಾಲೆಗಳಿಗೆ ಗೂಗಲ್ ವರ್ಕ್‌ಸ್ಪೇಸ್‌ನ ಶಿಕ್ಷಣ ಆವೃತ್ತಿ ಉಚಿತವಾಗಿ ಸಿಗುತ್ತದೆ. ಅದಕ್ಕೆ ನಿಮ್ಮದೇ ಡೊಮೇನ್, ಅಂದರೆ ಇಂಟರ್ನೆಟ್ಟಿನಲ್ಲಿ ಸ್ವಂತ ವಿಳಾಸ, ಬೇಕು. ಡೊಮೇನನ್ನು ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಲ್ಲ, ಸಂಘದ ಹೆಸರಿನಲ್ಲೇ ಕೊಳ್ಳಿ. ಅಡ್ಮಿನ್ ಅಧಿಕಾರ ಕಡೇಪಕ್ಷ ಇಬ್ಬರಿಗಿರಲಿ.

ಡಿಸ್ಕು ಮತ್ತು ಸಿ.ಡಿ.

ಸದ್ದು ಮಾಡುವ ಡಿಸ್ಕಿನ ವಯರು ಕಿತ್ತು ಬದಿಗಿಡಿ. ಓದುವ ಹೆಡ್ಡು ತನ್ನ ಜಾಗ ಹುಡುಕಿ ಹುಡುಕಿ ಸೋಲುತ್ತಿರುವ ಸದ್ದು ಅದು. "ಇನ್ನೊಂದ್ಸಲ ಹಾಕಿ ನೋಡೋಣ" ಎಂದಾಗಲೆಲ್ಲ ತಟ್ಟೆಯ ಮೇಲ್ಮೈ ಗೀರುವ ಸಂಭವ ಹೆಚ್ಚುತ್ತದೆ. ಫ್ರಿಜ್‌ನಲ್ಲಿಟ್ಟು ತೆಗೆದರೆ ಓದುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದನ್ನು ಮಾಡಿದರೆ ಒಳಗೆ ತೇವ ಕಟ್ಟಿ ಉಳಿದದ್ದೂ ಹೋಗುತ್ತದೆ. ಮೊದಲು ಚೆನ್ನಾಗಿರುವ ಡಿಸ್ಕನ್ನು ಹೊಸದೊಂದಕ್ಕೆ ನಕಲು ಮಾಡಿ, ಸದ್ದಿನ ಡಿಸ್ಕಿನಲ್ಲಿ ಇದ್ದದ್ದು ಬೇರೆಲ್ಲಾದರೂ ಇದೆಯೇ ಎಂದು ಗುಮಾಸ್ತರನ್ನು ಕೇಳಿ. ಇದ್ದರೆ ಸದ್ದಿನ ಡಿಸ್ಕನ್ನು ಮರೆತುಬಿಡಿ. ಇಲ್ಲದಿದ್ದರೆ ಮಾತ್ರ ಡೇಟಾ ರಿಕವರಿ ಪ್ರಯೋಗಾಲಯ. ಅವರ ಶುಲ್ಕ ನಿಮ್ಮ 50,000ದಲ್ಲಿ ದೊಡ್ಡ ಪಾಲನ್ನೇ ನುಂಗಬಹುದು, ಆದ್ದರಿಂದ ಒಳಗಿರುವುದು ಸಂಬಳದ ದಾಖಲೆಯೋ ವಾರ್ಷಿಕೋತ್ಸವದ ಫೋಟೋವೋ ಎಂದು ತೂಗಿ ನೋಡಿ.

ಸಿ.ಡಿ. ಬರೆಯುವಾಗ ಲೇಸರ್ ಒಂದು ಬಣ್ಣದ ಪದರವನ್ನು ಸುಡುತ್ತದೆ. ಆ ಬಣ್ಣ ಬಿಸಿಲು, ಸೆಖೆ, ತೇವಕ್ಕೆ ಕಾಲಕ್ರಮೇಣ ಕೆಡುತ್ತದೆ. ಹೊಳೆಯುವ ಪದರ ಇರುವುದು ಹೆಸರು ಬರೆಯುವ ಮೇಲ್ಭಾಗಕ್ಕೆ ಅಂಟಿಕೊಂಡೇ. ಹಾಗಾಗಿ ಕೆಳಗಿನ ಗೀರಿಗಿಂತ ಮೇಲಿನ ಗೀರು ಅಪಾಯ, ಅಂಟಿಸಿದ ಚೀಟಿಯನ್ನು ಕೀಳುವುದು ಅದಕ್ಕಿಂತ ಅಪಾಯ. ಬೂಷ್ಟು ಕಂಡರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಒಂದು ಡ್ರೈವ್ ಓದದ ಸಿ.ಡಿ.ಯನ್ನು ಇನ್ನೊಂದು ಓದುವುದು ಮಾಮೂಲಿ, ಬೇರೆ ಬೇರೆ ಕಂಪನಿಯ ಎರಡು ಮೂರು ಡ್ರೈವ್‌ಗಳಲ್ಲಿ ಪ್ರಯತ್ನಿಸದೆ ಎಸೆಯಬೇಡಿ. ಇನ್ನೊಂದು: ಆಗೆಲ್ಲ ಒಂದೇ ಸಿ.ಡಿ.ಗೆ ತಿಂಗಳು ತಿಂಗಳು ಸೇರಿಸಿ ಬರೆಯುವ ಅಭ್ಯಾಸವಿತ್ತು. ಅಂಥ ಸಿ.ಡಿ.ಗಳಲ್ಲಿ ಕೊನೆಯ ಸಲ ಬರೆದದ್ದು ಮಾತ್ರ ಕಂಡು, ಹಿಂದಿನವು ಅಲ್ಲೇ ಅಡಗಿರಬಹುದು. 700 ಎಂ.ಬಿ.ಯ ಸಿ.ಡಿ.ಯಲ್ಲಿ 20 ಎಂ.ಬಿ. ಮಾತ್ರ ಕಂಡು, ಹಿಂಬದಿಯಲ್ಲಿ ಬರೆದ ಭಾಗವನ್ನು ತೋರಿಸುವ ಬೇರೆ ಬಣ್ಣದ ಬಳೆ ಅಗಲವಾಗಿದ್ದರೆ ಅನುಮಾನ ಪಡಿ. ಐಸೋಬಸ್ಟರ್‌ನಂಥ ತಂತ್ರಾಂಶ ಹಳೆಯ ಸೆಶನ್‌ಗಳನ್ನೂ ತೋರಿಸುತ್ತದೆ.

ಎತ್ತಿದ ಎಲ್ಲವೂ "ಮೂಲ" ಎಂಬ ಒಂದು ಫೋಲ್ಡರಿಗೆ, ಸಿ.ಡಿ. ನಂಬರಿನ ಪ್ರಕಾರ, ಇದ್ದ ಹೆಸರಿನಲ್ಲೇ ಹೋಗಲಿ. ಅದರಲ್ಲಿ ಯಾರೂ ಏನನ್ನೂ ತಿದ್ದಬಾರದು, ಹೆಸರು ಚೆಂದ ಮಾಡಬಾರದು. ಕೆಲಸವೆಲ್ಲ ಅದರ ನಕಲಿನ ಮೇಲೆ.

ನುಡಿ ಫೈಲು ಕೆಟ್ಟಿಲ್ಲ

ಪರದೆಯ ಮೇಲೆ ಕಾಣುವ ಆ ವಿಚಿತ್ರ ಅಕ್ಷರ ನೋಡಿ ವೈರಸ್ ಎಂದು ಹಳೆಯ ಫೈಲುಗಳನ್ನು ಅಳಿಸಿದ ಕಚೇರಿಗಳುಂಟು. ಫೈಲು ಸಂಪೂರ್ಣ ಆರೋಗ್ಯವಾಗಿದೆ. ಪ್ರತಿ ಭಾಷೆಯ ಅಕ್ಷರಗಳಿಗೂ ಬೇರೆಯದೇ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಸ್ವಂತ ಮನೆ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು ಅವು. "ಕನ್ನಡ" ಎಂದು ನೀವು ಟೈಪ್ ಮಾಡಿದ್ದು ಫೈಲಿನಲ್ಲಿ ಉಳಿದಿರುವುದು ಹೀಗೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ನುಡಿ ಫಾಂಟ್ ಇದ್ದರೆ ಅದು ಕನ್ನಡವಾಗಿ ಕಾಣುತ್ತದೆ, ಇಲ್ಲದಿದ್ದರೆ ಬಟ್ಟೆ ಬಿಚ್ಚಿ ನಿಲ್ಲುತ್ತದೆ.

ಈಗ ಮಾಡಬಾರದ ಒಂದು ಕೆಲಸ ಹೇಳುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಮಾಡುವುದು ಅದನ್ನೇ. ಫೈಲು ತೆರೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ, ಫಾಂಟ್ ಬದಲಾಯಿಸಿ ಸೇವ್ ಮಾಡುವುದು. ನಿಮ್ಮ ನಡಾವಳಿಯಲ್ಲಿ ನಡುನಡುವೆ ಇಂಗ್ಲಿಷ್ ಪದಗಳು, ಕಾಯ್ದೆಯ ಸೆಕ್ಷನ್‌ಗಳು ಇರುತ್ತವೆ. ಯಾವ ತುಂಡು ಇಂಗ್ಲಿಷ್, ಯಾವುದು ಕನ್ನಡ ಎಂದು ತಿಳಿಯಲು ಉಳಿದಿರುವ ಏಕೈಕ ಗುರುತು ಆ ತುಂಡಿಗೆ ಹಾಕಿದ ಫಾಂಟಿನ ಹೆಸರು. ಎಲ್ಲಕ್ಕೂ ಒಂದೇ ಫಾಂಟ್ ಹಾಕಿ ಸೇವ್ ಮಾಡಿದಿರೋ, ಆ ಗುರುತು ಹೋಯಿತು. ಆಮೇಲೆ ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಕ್ಕೆ ಕೊಟ್ಟರೆ ಬ್ಯಾಂಕಿನ ಇಂಗ್ಲಿಷ್ ಹೆಸರೂ ಅರ್ಥವಿಲ್ಲದ ಕನ್ನಡವಾಗಿ ಬರುತ್ತದೆ.

ಸರಿಯಾದ ದಾರಿ: ಹಳೆಯ ಕಂಪ್ಯೂಟರು ಇನ್ನೂ ಗುಜರಿಗೆ ಹೋಗಿಲ್ಲ ತಾನೆ? ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ ಮತ್ತು ಅಂಥದೇ ಇನ್ನೊಂದು ಕನ್ನಡ ತಂತ್ರಾಂಶವಾದ ಬರಹದ ಫಾಂಟುಗಳನ್ನೆಲ್ಲ ನಕಲು ಮಾಡಿಕೊಳ್ಳಿ. ಅವನ್ನು ಹೊಸ ಕಂಪ್ಯೂಟರಿಗೆ ಹಾಕಿ. ಫೈಲು ಮೊದಲಿನಂತೆ ಕಾಣತೊಡಗಿದ ಮೇಲೆ ಪಿಡಿಎಫ್/ಎ ರೂಪದಲ್ಲಿ ಒಂದು ಪ್ರತಿ ಮಾಡಿ. ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಪಿಡಿಎಫ್ ರಫ್ತು ಮಾಡುವಾಗ ಆರ್ಕೈವಲ್ ಎಂಬ ಆಯ್ಕೆ ಇದೆ. ದೀರ್ಘಕಾಲ ಇಡುವುದಕ್ಕೆಂದೇ 2005ರಲ್ಲಿ ಐಎಸ್‌ಒ 19005 ಎಂದು ಮಾನಕವಾದ ರೂಪ ಇದು. ಫಾಂಟು ಫೈಲಿನೊಳಗೇ ಸೇರಿಕೊಳ್ಳುತ್ತದೆ, ಹೊರಗಿನ ಯಾವುದಕ್ಕೂ ಕೈ ಚಾಚುವುದಿಲ್ಲ.

"ಪಿಡಿಎಫ್ ಮಾಡಿದೆವು, ಮುಗಿಯಿತು" ಎಂದುಕೊಳ್ಳಬೇಡಿ. ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುವ ಆ ಪಿಡಿಎಫ್‌ನಲ್ಲಿ "ಕಟ್ಟಡ ನಿಧಿ" ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಒಳಗೆ ಇರುವುದು ಇನ್ನೂ ಪೌಂಡ್ ಚಿಹ್ನೆ, ಗೀಟಿನ ಎಗಳೇ. ಹುಡುಕಬೇಕೆಂದರೆ ಯುನಿಕೋಡಿಗೆ ಬದಲಾಯಿಸಿದ ಇನ್ನೊಂದು ಪ್ರತಿ ಬೇಕು. ನುಡಿಯ ಹೊಸ ಆವೃತ್ತಿಯಲ್ಲೂ ಬರಹದಲ್ಲೂ ಪರಿವರ್ತಕವಿದೆ, ಆನ್‌ಲೈನಿನಲ್ಲೂ ಉಚಿತವಾಗಿ ಸಿಗುತ್ತವೆ. ಆದರೆ ಮಕ್ಕಳ ವಿವರ ಇರುವ ಫೈಲುಗಳನ್ನು ಆನ್‌ಲೈನಿಗೆ ಹಾಕಬೇಡಿ. ನುಡಿ, ಬರಹದ ಸಂಕೇತಗಳು ಬಹುಮಟ್ಟಿಗೆ ಒಂದೇ. ಶ್ರೀಲಿಪಿ, ಆಕೃತಿ ಎಂಬ ತಂತ್ರಾಂಶಗಳವು ಬೇರೆ, ಒಂದರ ಪರಿವರ್ತಕ ಇನ್ನೊಂದಕ್ಕೆ ನಡೆಯುವುದಿಲ್ಲ. ಬದಲಾಯಿಸಿದ ಮೇಲೆ ಅರ್ಕಾವತ್ತು, ಮೂರು ಅಕ್ಷರದ ಒತ್ತು, ದೀರ್ಘದ ಗುರುತುಗಳನ್ನು ಕಣ್ಣಾರೆ ನೋಡಿ. "ಕಾರ್ಯದರ್ಶಿ", "ರಾಷ್ಟ್ರೀಯ", "ಶಾಸ್ತ್ರೀಯ" ಇರುವ ಪುಟಗಳನ್ನು ಆರಿಸಿಕೊಂಡು ನೋಡಿದರೆ ತಪ್ಪು ಬೇಗ ಸಿಗುತ್ತದೆ. ನುಡಿಯಲ್ಲಿ ಮಾಡಿದ ಎಕ್ಸೆಲ್ ಪಟ್ಟಿಗಳನ್ನು ಅಕಾರಾದಿಯಾಗಿ ಜೋಡಿಸಲು ಹೋದರೆ ಅಡ್ಡಾದಿಡ್ಡಿಯಾಗುತ್ತಿದ್ದುದಕ್ಕೂ ಇದೇ ಕಾರಣ. ಯುನಿಕೋಡಾದ ಮೇಲೆ ಆ ರಗಳೆ ತಪ್ಪುತ್ತದೆ.

ಎಲ್ಲ ಫೈಲಿಗೂ ಇಷ್ಟು ಉಪಚಾರ ಬೇಕಿಲ್ಲ. ನಡಾವಳಿ, ನೇಮಕಾತಿ, ಸಂಬಳ, ಆಸ್ತಿ, ಇಲಾಖೆಯೊಂದಿಗಿನ ಮುಖ್ಯ ಪತ್ರಗಳಿಗೆ ಮೂಲ, ಪಿಡಿಎಫ್/ಎ, ಯುನಿಕೋಡ್ ಮೂರೂ ಇರಲಿ. ಪ್ರತಿಭಾ ಕಾರಂಜಿಯ ಆಮಂತ್ರಣ ಪತ್ರಿಕೆಗೆ ಮೂಲವೊಂದೇ ಸಾಕು. ಸ್ಮರಣ ಸಂಚಿಕೆಯನ್ನು ಪ್ರೆಸ್ಸಿನವರು ಪೇಜ್‌ಮೇಕರ್‌ನಲ್ಲಿ ಮಾಡಿಕೊಟ್ಟಿದ್ದರೆ ಆ ಫೈಲನ್ನು ಈಗಿನ ಬಹುತೇಕ ತಂತ್ರಾಂಶಗಳು ನೇರವಾಗಿ ತೆರೆಯುವುದಿಲ್ಲ. ಮುದ್ರಿತ ಪ್ರತಿಯನ್ನೇ ಸ್ಕ್ಯಾನ್ ಮಾಡಿಸುವುದು ಅಗ್ಗ. ಟ್ಯಾಲಿಯಲ್ಲಿ ಲೆಕ್ಕವಿದ್ದರೆ ಪ್ರತಿ ವರ್ಷ ಆಡಿಟ್ ಮುಗಿದೊಡನೆ ದಿನವಹಿ, ಎಲ್ಲ ಲೆಡ್ಜರ್, ತಾಳೆಪಟ್ಟಿಗಳನ್ನು ಪಿಡಿಎಫ್ ಮತ್ತು ಎಕ್ಸೆಲ್ ಎರಡರಲ್ಲೂ ತೆಗೆದಿಡಿ. ಬ್ಯಾಕಪ್ ಫೈಲೊಂದನ್ನೇ ನಂಬಿದರೆ ಹತ್ತು ವರ್ಷದ ನಂತರ ಅದನ್ನು ತೆರೆಯಲು ಹಳೆಯ ಆವೃತ್ತಿಗಾಗಿ ಅಲೆಯಬೇಕಾಗುತ್ತದೆ.

ಇನ್ನು ಆ 3 ರೂಪಾಯಿ ಸ್ಕ್ಯಾನಿಂಗ್

6,000 ಪುಟಕ್ಕೆ 18,000 ರೂಪಾಯಿ. ದುಬಾರಿಯೇನಲ್ಲ, ಆದರೆ ಏನು ಕೊಡುತ್ತಾರೆ ಎಂದು ಬರೆಸಿಕೊಳ್ಳದೆ ಒಪ್ಪಬೇಡಿ. ಮಾಮೂಲಾಗಿ ಸಿಗುವುದು ಕಪ್ಪುಬಿಳುಪಿನ, ಒತ್ತಿ ಒತ್ತಿ ಚಿಕ್ಕದು ಮಾಡಿದ ಒಂದು ಪಿಡಿಎಫ್.

ದಾಖಲಾತಿ ರಿಜಿಸ್ಟರಿನ ಒಂದು ಸಾಲನ್ನು ನೆನಪಿಸಿಕೊಳ್ಳಿ. ಹುಟ್ಟಿದ ತಾರೀಖಿನ ಕಾಲಮಿನಲ್ಲಿ ನೀಲಿ ಶಾಯಿಯಲ್ಲಿ ಒಂದು ಅಂಕಿ, ಅದನ್ನು ಹೊಡೆದುಹಾಕಿ ಕೆಂಪು ಶಾಯಿಯಲ್ಲಿ ಇನ್ನೊಂದು, ಪಕ್ಕದಲ್ಲಿ ಹೆಡ್‌ಮಾಸ್ತರರ ಸಣ್ಣ ಸಹಿ. ಈ ತಿದ್ದುಪಡಿ ಅಧಿಕೃತವೋ ಆಮೇಲೆ ಯಾರೋ ಗೀಚಿದ್ದೋ ಎಂದು ಹೇಳುವುದೇ ಆ ಬಣ್ಣ. ಕಪ್ಪುಬಿಳುಪಿನಲ್ಲಿ ಎರಡೂ ಒಂದೇ ಕಪ್ಪು. ಅಷ್ಟೇ ಅಲ್ಲ, 2013ರಲ್ಲಿ ಜರ್ಮನಿಯ ತಜ್ಞರೊಬ್ಬರು ಕೆಲವು ಹೆಸರಾಂತ ಸ್ಕ್ಯಾನರ್‌ಗಳು ಅಂಕಿಗಳನ್ನೇ ಅದಲುಬದಲು ಮಾಡುತ್ತಿದ್ದುದನ್ನು ತೋರಿಸಿಕೊಟ್ಟರು. ಕಾಗದದಲ್ಲಿ 6 ಇದ್ದದ್ದು ಸ್ಕ್ಯಾನಿನಲ್ಲಿ 8 ಆಗಿತ್ತು. ಫೈಲು ಚಿಕ್ಕದು ಮಾಡಲು, ಒಂದೇ ಥರ ಕಾಣುವ ಅಕ್ಷರಗಳಿಗೆಲ್ಲ ಒಂದೇ ಚಿತ್ರ ಬಳಸುವ ಜೆಬಿಗ್2 ಎಂಬ ಸಂಕೋಚನ ಅದಕ್ಕೆ ಕಾರಣ. ಅಂಕಪಟ್ಟಿ, ಜನ್ಮದಿನಾಂಕದ ಮಟ್ಟಿಗೆ ಇದಕ್ಕಿಂತ ಕೆಟ್ಟದ್ದು ಇನ್ನೇನಿದೆ!

ಆದ್ದರಿಂದ ಕೆಲಸದ ಆದೇಶದಲ್ಲಿ ಹೀಗಿರಲಿ. 300 ಡಿಪಿಐ (ಇಂಚಿಗೆ 300 ಚುಕ್ಕಿ), ಪೂರ್ಣ ಬಣ್ಣ. ಶಾಯಿ ಮಾಸಿದ್ದರೆ 400. ಬೈಂಡಿಂಗ್ ಬಿಚ್ಚುವಂತಿಲ್ಲ, ಕಾಗದ ಎಳೆದುಕೊಳ್ಳುವ ಸ್ಕ್ಯಾನರಿಗೆ ಹಾಕುವಂತಿಲ್ಲ; ಮೇಲಿನಿಂದ ಚಿತ್ರ ತೆಗೆಯುವ ಸ್ಟ್ಯಾಂಡ್ ಬೇಕು. ರಟ್ಟಿನಿಂದ ರಟ್ಟಿನವರೆಗೆ, ಖಾಲಿ ಪುಟವೂ ಸೇರಿ. ಖಾಲಿ ಪುಟ ಬಿಟ್ಟರೆ ನಾಳೆ "ಒಂದು ಹಾಳೆ ಮಾಯವಾಗಿದೆ" ಎನ್ನುವವರಿಗೆ ಉತ್ತರವಿರುವುದಿಲ್ಲ. ಪುಟಕ್ಕೊಂದು ಚಿತ್ರ, ಹೆಸರಿನಲ್ಲಿ ರಿಜಿಸ್ಟರ್ ನಂಬರು, ಪುಟದ ನಂಬರು. ರಿಜಿಸ್ಟರು ಶಾಲೆಯ ಆವರಣ ದಾಟುವಂತಿಲ್ಲ. ಹಣ ಪರಿಶೀಲನೆಯ ನಂತರ.

ಎ4 ಅಳತೆಯ ಪುಟ 300 ಡಿಪಿಐನಲ್ಲಿ 2480 x 3508 ಚುಕ್ಕಿಯಾಗುತ್ತದೆ. ಏನೂ ಒತ್ತದ ಟಿಫ್ ರೂಪದ ಚಿತ್ರವಾದರೆ ಪುಟಕ್ಕೆ ಸುಮಾರು 26 ಎಂ.ಬಿ., 6,000 ಪುಟಕ್ಕೆ 156 ಜಿ.ಬಿ. ರಿಜಿಸ್ಟರು ಎ4ಗಿಂತ ದೊಡ್ಡದಿದ್ದರೆ ಇನ್ನೂ ಹೆಚ್ಚು. ಪತ್ರಾಗಾರಗಳಿಗೆ ಟಿಫ್ ಸರಿ. ಕಾಗದದ ಮೂಲ ಕೈಯಲ್ಲೇ ಇರುವ ನಿಮ್ಮಂಥ ಸಂಸ್ಥೆಗೆ ಹೆಚ್ಚು ಗುಣಮಟ್ಟದ ಜೆಪೆಗ್ ಸಾಕು ಎಂಬುದು ನನ್ನ ಅಭಿಪ್ರಾಯ. ಪುಟಕ್ಕೆ 2 ಎಂ.ಬಿ. ಹಿಡಿದರೂ 12 ಜಿ.ಬಿ.ಯಲ್ಲಿ ಮುಗಿಯುತ್ತದೆ, ಮೂರು ನಾಲ್ಕು ಕಡೆ ಇಡುವುದು ಸುಲಭ.

ಸ್ಕ್ಯಾನಿಗಿಂತ ಹೆಚ್ಚು ಬೆಲೆ ಬಾಳುವುದು ಸೂಚಿ. 6,000 ಚಿತ್ರಗಳಲ್ಲಿ 1984ರಲ್ಲಿ ಸೇರಿದ ಹುಡುಗಿಯನ್ನು ಹುಡುಕುವುದು ಹೇಗೆ? ಮುದ್ರಿತ ಕನ್ನಡವನ್ನು ಓದುವ ಒಸಿಆರ್ ಈಗ ಪರವಾಗಿಲ್ಲ. ಹಳೆಯ ಕೈಬರಹಕ್ಕೆ ಅದನ್ನು ನಂಬಲಾಗದು. ಟೈಪಿಂಗ್ ಬರುವ ಒಬ್ಬರನ್ನು ಕೂರಿಸಿ ದಾಖಲಾತಿ ಸಂಖ್ಯೆ, ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ರಿಜಿಸ್ಟರ್ ನಂಬರು, ಪುಟ, ಇಷ್ಟನ್ನು ಎಕ್ಸೆಲ್‌ನಲ್ಲಿ ಹಾಕಿಸಿ. ದಿನಕ್ಕೆ 150 ಹೆಸರಾದರೆ 8,000 ಹೆಸರಿಗೆ ಎರಡು ತಿಂಗಳು. ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ ಬರೆಸಿ. ನಮ್ಮಲ್ಲಿ ಜೂನ್ 1ಕ್ಕೆ ಹುಟ್ಟಿದವರು ಊರು ತುಂಬ ಇದ್ದಾರಲ್ಲ, 01/06 ಎಂದು ಬರೆದರೆ ಅಮೆರಿಕನ್ ಪದ್ಧತಿಗೆ ಹೊಂದಿಸಿದ ಕಂಪ್ಯೂಟರು ಅವರನ್ನೆಲ್ಲ ಜನವರಿ 6ಕ್ಕೆ ಹುಟ್ಟಿಸಿಬಿಡುತ್ತದೆ. ಅಂಕಿಗಳು ಕನ್ನಡದ್ದೋ ಇಂಗ್ಲಿಷಿನದ್ದೋ ಒಂದೇ ಇರಲಿ, ೧೯೮೪ ಮತ್ತು 1984 ಹುಡುಕಾಟಕ್ಕೆ ಬೇರೆ ಬೇರೆ.

ಕಾಗದ ವಿಲೇವಾರಿ?

ದಾಖಲಾತಿ ರಿಜಿಸ್ಟರು, ನಡಾವಳಿ ಪುಸ್ತಕ, ಸೇವಾ ಪುಸ್ತಕ, ಕ್ರಯಪತ್ರ, ಸಂಘದ ನೋಂದಣಿ ಪತ್ರ, ಬೈಲಾ, ಇವುಗಳ ಮೂಲವನ್ನು ಯಾವ ಕಾರಣಕ್ಕೂ ಬಿಡಬೇಡಿ. ನೀವು ಮಾಡಿಸುವ ಸ್ಕ್ಯಾನು ಬರೀ ನಕಲು. ಹಳೆಯ ವಿದ್ಯಾರ್ಥಿಯೊಬ್ಬರ ನಿವೃತ್ತಿಯ ಹೊತ್ತಿಗೆ ಜನ್ಮದಿನಾಂಕದ ತಕರಾರು ಎದ್ದರೆ ತರಿಸಿ ನೋಡುವುದು ಮೂಲ ರಿಜಿಸ್ಟರನ್ನೇ. "ಎಲ್ಲ ಸ್ಯಾಟ್ಸ್‌ನಲ್ಲಿದೆ" ಎಂಬ ಮಾತೂ ಸಭೆಯಲ್ಲಿ ಬರಬಹುದು. ಸ್ಯಾಟ್ಸ್ ವಿದ್ಯಾರ್ಥಿಗಳ ವಿವರ ಇಡುವ ಸರ್ಕಾರದ ವ್ಯವಸ್ಥೆ, ಈಚಿನ ವರ್ಷಗಳದ್ದು. 1984ರ ಹುಡುಗಿ ಅದರಲ್ಲಿ ಇಲ್ಲ.

ಲೆಕ್ಕದ ವೋಚರುಗಳ ಮಾತು ಬೇರೆ. ಆದಾಯ ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆಗಳು ಲೆಕ್ಕಪತ್ರವನ್ನು ಸಂಬಂಧಿಸಿದ ಕರನಿರ್ಧರಣಾ ವರ್ಷದ ಕೊನೆಯಿಂದ 10 ವರ್ಷ ಇಡಬೇಕು ಎಂದು 2022ರಲ್ಲಿ ಸೇರಿಸಿದ 17ಎಎ ನಿಯಮ ಹೇಳಿತು. ಈಗ 2025ರ ಹೊಸ ಕಾಯ್ದೆ ಬಂದಿರುವುದರಿಂದ ಏನನ್ನಾದರೂ ಹೊರಹಾಕುವ ಮುಂಚೆ ನಿಮ್ಮ ಆಡಿಟರಿಂದ ಬರಹದಲ್ಲಿ ಅಭಿಪ್ರಾಯ ಪಡೆಯಿರಿ. ಯಾವ ವರ್ಷದ ಯಾವ ಕಟ್ಟು ಹೋಯಿತು ಎಂಬ ಪಟ್ಟಿಗೆ ಆಡಳಿತ ಮಂಡಳಿಯ ಠರಾವು ಇರಲಿ. ಗುಜರಿಯವನ ತಕ್ಕಡಿಗೆ ಹಾಗೇ ಹಾಕದೆ ಚೂರುಚೂರಾಗಿ ಹರಿಸಿ ಕೊಡಿ. ಆಧಾರ್ ನಕಲು, ಜಾತಿ ಪ್ರಮಾಣಪತ್ರ ಸುತ್ತಿದ ಕಡಲೆಕಾಯಿ ಪೊಟ್ಟಣ ಯಾರ ಕೈಗೂ ಹೋಗಬಾರದು.

ಕಂಪ್ಯೂಟರಿನಲ್ಲೇ ಹುಟ್ಟಿದ ದಾಖಲೆ ಕೋರ್ಟಿಗೆ ಹೋಗುವ ಸಂದರ್ಭ ಬಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಅದರಲ್ಲಿ ಫೈಲಿನ ಹ್ಯಾಷ್ ನಮೂದಿಸಬೇಕು. ಹ್ಯಾಷ್ ಎಂದರೆ ಫೈಲಿನ ಬೆರಳಚ್ಚು ಎಂದುಕೊಳ್ಳಿ. ಶಾ-256 ಎಂಬ ವಿಧಾನದಲ್ಲಿ ಯಾವ ಫೈಲಿಗಾದರೂ 64 ಅಕ್ಷರಗಳ ಒಂದು ಸಾಲು ಬರುತ್ತದೆ. ಒಳಗೆ ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರ್ತಿ ಬೇರೆ. 7-ಜಿಪ್ ಹಾಕಿಕೊಂಡರೆ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿಯೇ ತೆಗೆಯಬಹುದು. "ಮೂಲ" ಫೋಲ್ಡರಿನ ಎಲ್ಲ ಫೈಲುಗಳ ಹ್ಯಾಷ್ ಪಟ್ಟಿಯನ್ನು ಅದು ತುಂಬಿದ ದಿನವೇ ಮಾಡಿ, ಮುದ್ರಿಸಿ, ಸಹಿ ಹಾಕಿ, ನಡಾವಳಿ ಪುಸ್ತಕದ ಜೊತೆ ಇಡಿ. ಕೋರ್ಟು ಬೇಡ, ಡಿಸ್ಕಿನಲ್ಲಿ ಸದ್ದಿಲ್ಲದೆ ಹಾಳಾದ ಫೈಲು ಯಾವುದು ಎಂದು ಪತ್ತೆ ಹಚ್ಚಲೂ ಇದೇ ಬೇಕು.

ಎಲ್ಲಿ, ಎಷ್ಟು ಪ್ರತಿ

ಡ್ರೈವ್‌ಗೆ ಏರಿಸಿದರೆ ಬ್ಯಾಕಪ್ ಆಯಿತು ಎಂಬುದು ಅರ್ಧ ಸತ್ಯ. ಕಂಪ್ಯೂಟರಿಗೂ ಡ್ರೈವ್‌ಗೂ ಹೊಂದಿಕೆ ಇದ್ದರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ಬಡಿದರೆ ಬೀಗ ಬಿದ್ದ ಫೈಲುಗಳೇ ಮೇಲೇರುತ್ತವೆ. ಸದಾ ಸಿಕ್ಕಿಸಿಟ್ಟ ಎಕ್ಸ್‌ಟರ್ನಲ್ ಡಿಸ್ಕಿಗೂ ಅದೇ ಗತಿ, ಜೊತೆಗೆ ನಿಮ್ಮ ಕಡೆಯ ಸಿಡಿಲು ಬೇರೆ. ಪೆನ್‌ಡ್ರೈವ್ ಸಾಗಣೆಗೆ ಸರಿ, ವರ್ಷಗಟ್ಟಲೆ ಇಡುವುದಕ್ಕಲ್ಲ.

ಹಾಗಾಗಿ ಬೇರೆ ಬೇರೆ ಕಂಪನಿಯ ಎರಡು ಹೊಸ ಹಾರ್ಡ್ ಡಿಸ್ಕ್ ಕೊಳ್ಳಿ. ಒಂದು ಶಾಲೆಯ ಗೋದ್ರೆಜ್ ಕಪಾಟಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿ ಅಥವಾ ಬ್ಯಾಂಕ್ ಲಾಕರಿನಲ್ಲಿ. ತಿಂಗಳಿಗೊಮ್ಮೆ ಅದಲುಬದಲು. ಸಿಕ್ಕಿಸಿ, ನಕಲಿಸಿ, ಕಿತ್ತಿಡಿ. ಡಬ್ಬಿ ಗಾಳಿಯಾಡದಂಥದ್ದಿರಲಿ, ಒಳಗೆ ಸಿಲಿಕಾ ಜೆಲ್ ಇರಲಿ. ಮೂರನೆಯ ಪ್ರತಿ ಸಂಸ್ಥೆಯ ಡ್ರೈವ್ ಖಾತೆಯಲ್ಲಿ. "ಲಿಂಕ್ ಇರುವ ಯಾರಾದರೂ" ಎಂಬ ಹಂಚಿಕೆ ಮಾತ್ರ ಬೇಡ. ಡಿಸ್ಕುಗಳನ್ನು ಐದು ವರ್ಷಕ್ಕೊಮ್ಮೆ, ಚೆನ್ನಾಗಿದ್ದರೂ, ಬದಲಿಸಿ.

ಫೈಲಿನ ಹೆಸರು "2019-07-14_ನಡಾವಳಿ" ಎಂಬಂತೆ ದಿನಾಂಕದಿಂದ ಶುರುವಾದರೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. "ಹೊಸದು", "ಫೈನಲ್", "ಫೈನಲ್ ಸರಿಯಾದದ್ದು" ಎಂಬ ಹೆಸರುಗಳಿಗೆ ಇವತ್ತೇ ವಿದಾಯ ಹೇಳಿ. ಕನ್ನಡದಲ್ಲಿ ಹೆಸರಿಡಬಹುದು, ಆದರೆ ಚಿಕ್ಕದಾಗಿರಲಿ. ಲಿನಕ್ಸ್ ಮೇಲೆ ನಡೆಯುವ ಶೇಖರಣಾ ಪೆಟ್ಟಿಗೆಗಳಲ್ಲಿ ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ, ಆದ್ದರಿಂದ ಬಹಳ ಬೇಗ ಮುಗಿದುಹೋಗುತ್ತದೆ.

ವರ್ಷಕ್ಕೊಂದು ದಿನ, ಆಡಿಟ್ ಮುಗಿದ ವಾರದಲ್ಲಿ ಇಟ್ಟುಕೊಳ್ಳಿ, ಇಪ್ಪತ್ತು ಫೈಲುಗಳನ್ನು ಕಣ್ಣು ಮುಚ್ಚಿ ಆರಿಸಿ, ಪ್ರತಿಯೊಂದು ಡಿಸ್ಕಿನಿಂದಲೂ ತೆರೆದು ನೋಡಿ, ಹ್ಯಾಷ್ ತಾಳೆ ಮಾಡಿ. ಬ್ಯಾಕಪ್ ಇದ್ದೂ ಕಳೆದುಕೊಂಡವರಲ್ಲಿ ಹಲವರು ಅದನ್ನು ಒಮ್ಮೆಯೂ ತೆರೆದು ನೋಡದಿದ್ದವರು. ಪಾಸ್‌ವರ್ಡ್, ಅಡ್ಮಿನ್ ಖಾತೆ, ಡೊಮೇನ್ ನವೀಕರಣದ ತಾರೀಖು, ಡಿಸ್ಕ್ ಇರುವ ಜಾಗ ಬರೆದ ಒಂದು ಲಕೋಟೆಗೆ ಅಧ್ಯಕ್ಷರೂ ನೀವೂ ಸಹಿ ಹಾಕಿ ಅರಗು ಹಚ್ಚಿ. ಆ ಕುರ್ಚಿಯಲ್ಲಿ ಯಾರು ಬದಲಾದರೂ ಲಕೋಟೆ ಹೊಸದಾಗಬೇಕು.

ಸಮಯದ ಮಾತು. ಜಿಮೇಲ್ ಈ ವಾರ, ಸಿ.ಡಿ., ಡಿಸ್ಕು ಈ ತಿಂಗಳು, ನುಡಿ ಫೈಲುಗಳು ಮುಂದಿನ ಮೂರು ನಾಲ್ಕು ತಿಂಗಳು. ರಿಜಿಸ್ಟರ್ ಸ್ಕ್ಯಾನಿಂಗನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಘಟ್ಟದ ಮೇಲಿನ ಹಳೆಯ ಕಾಗದ ತೇವ ಹೀರಿ ಮೆತ್ತಗಾಗಿರುತ್ತದೆ, ಪುಟ ತಿರುಗಿಸಿದರೆ ಮೂಲೆ ಕೈಗೆ ಬರುತ್ತದೆ. ಅಲ್ಲಿಯವರೆಗೆ ಆ 3 ರೂಪಾಯಿಯವರಿಂದ ಅತ್ಯಂತ ಮಾಸಿದ ರಿಜಿಸ್ಟರಿನ ಇಪ್ಪತ್ತು ಪುಟ ಮಾದರಿ ಮಾಡಿಸಿ, ಕೆಂಪು ಶಾಯಿ ಕೆಂಪಾಗೇ ಬಂದಿದೆಯೇ ನೋಡಿ.